ಹಿನ್ನೀರಿನ ನಡುವಿನ ತುಮರಿ

ದ್ವೀಪವೆಂದರೆ ನಿಸರ್ಗದ ಸೃಷ್ಟಿಯೆಂದೇ ನಾವು ಭಾವಿಸುತ್ತೇವೆ. ಆದರೆ ನಮ್ಮ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ತುಮರಿ ಸೀಮೆಯನ್ನು ದ್ವೀಪವಾಗಿಸಿದವನು ಮನುಷ್ಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ಶರಾವತಿಯ ಹಿನ್ನೀರು ಹಬ್ಬಿದಾಗ ಗದ್ದೆ ತೋಟಗಳೊಡನೆ ಸಾಗರಪೇಟೆಯ ಹಾದಿಯೂ ಮುಳುಗಿತು. ಮೂರು ಕಡೆ ನೀರು, ಇನ್ನೊಂದು ಕಡೆ ಘಟ್ಟದ ಕಾಡು.

ಬಳಿಕ ಅಂಬಾರಗೋಡ್ಲು-ಕಳಸವಳ್ಳಿ ದಡಗಳ ನಡುವೆ ಲಾಂಚೇ ಗತಿಯಾಯಿತು. ಬಸ್ಸು, ಅಡಕೆಯ ಮೂಟೆ, ಸಿಗಂದೂರಿನ ಯಾತ್ರಿಕರು ಎಲ್ಲಕ್ಕೂ ಅದೇ ಆಸರೆ. ಬೇಸಿಗೆಯಲ್ಲಿ ನೀರಿಳಿದರೆ ವಾಹನಗಳನ್ನು ಒಯ್ಯುವುದೂ ಕಷ್ಟ. ಸಂಜೆ ಲಾಂಚು ನಿಂತ ಮೇಲೆ ರೋಗಿಗೂ ಬಾಣಂತಿಗೂ ಹೊಸನಗರದ ಸುತ್ತುದಾರಿಯೇ.

ಆ ಸೀಮೆಯ ವಿದ್ಯಾರ್ಥಿಯೊಬ್ಬನು ಹಿಂದೆ ವಿದ್ಯಾನಗರದ ನಮ್ಮ ಮನೆಗೆ ಪಾಠ ಕೇಳಲು ಬರುತ್ತಿದ್ದನು. ಊರಿಗೆ ಹೊರಡುವ ಶನಿವಾರಗಳಂದು ಅವನ ಕಣ್ಣೆಲ್ಲ ಗಡಿಯಾರದ ಮೇಲೆ. ಒಮ್ಮೆ ಗದರಿದೆ.

“ಕಡೆಯ ಲಾಂಚು ತಪ್ಪಿದರೆ ದಡದಲ್ಲೇ ರಾತ್ರಿ ಕಳೆಯಬೇಕು, ಸಾರ್. ಎದುರಿಗೇ ಊರು ಕಾಣುತ್ತದೆ” ಎಂದನು.

ನಾನು ನಾಚಿದೆ. 1,035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರವನ್ನು ನಡೆಸುವುದು ಅವನ ಅಜ್ಜನ ಗದ್ದೆಯನ್ನು ನುಂಗಿದ ನೀರು. ಆ ಬೆಳಕಿನಲ್ಲಿ ಕುಳಿತು ನಾನು ಅವನನ್ನು ಗದರಿದ್ದೆ!

2025ರ ಜುಲೈ 14ರಂದು ಅಲ್ಲಿ 2 ಕಿಲೋಮೀಟರಿಗೂ ಮಿಗಿಲಾದ ತೂಗುತಂತಿಗಳ ಸೇತುವೆ ಲೋಕಾರ್ಪಣೆಗೊಂಡಿತು. ಸಂತೋಷವೇ ಸರಿ. ಆದರೂ ಒಂದು ಲೆಕ್ಕ ಮನಸ್ಸನ್ನು ಬಿಡದು: ನಾಡಿಗೆ ಬೆಳಕು ಕೊಟ್ಟವರಿಗೆ ನಾಡು ದಾರಿ ಕೊಡಲು 61 ವರ್ಷ ಬೇಕಾದವು.