‘ಟಿಕ್’ ಅಂದ ಕಾರಿಗೆ ಹೊಸ ಬ್ಯಾಟರಿಯೊಂದೇ ಮದ್ದಲ್ಲ

ರೊದ್ದಂ: ಬೆಳಗಿನ ಜಾವ. ಹಿಂದೂಪುರದ ಆಸ್ಪತ್ರೆಗೋ, ಪಾವಗಡದ ಮದುವೆಗೋ ಹೊರಡಬೇಕು. ಮನೆಮಂದಿಯೆಲ್ಲ ಕಾರಲ್ಲಿ ಕೂತಾಗಿದೆ. ಕೀಲಿ ತಿರುಗಿಸಿದರೆ ‘ಟಿಕ್’ ಎಂಬ ಸದ್ದು ಮಾತ್ರ. ‘ನಿನ್ನೆ ಚೆನ್ನಾಗೇ ಇತ್ತಲ್ಲ’ ಎಂಬ ಗೊಣಗಾಟ. ಆಮೇಲೆ ಎಲ್ಲರೂ ಇಳಿದು ತಳ್ಳು!

ಗಡಿಯ ಈಚೆಗಾಗಲಿ ಆಚೆಗಾಗಲಿ, ಹಳೇ ಮಾರುತಿ 800 ಇಟ್ಟುಕೊಂಡವರಿಗೆ ಇದೇನೂ ಹೊಸ ಕತೆಯಲ್ಲ. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದ ಈ ಪುಟ್ಟ ಕಾರಿನ ತಯಾರಿಕೆ 2014ರ ಜನವರಿಯಲ್ಲೇ ನಿಂತುಹೋಯಿತು. ಕೊನೆಗೆ ಹೊರಬಂದ ಕಾರಿಗೂ ಹತ್ತು ವರ್ಷ ದಾಟಿದೆ. ಎಂಜಿನ್ ಗಟ್ಟಿಯಾಗೇ ಇದ್ದರೂ ವೈರು, ಕ್ಲಾಂಪುಗಳಿಗೆ ವಯಸ್ಸಾಗಿರುತ್ತದೆ.

‘ಸೆಲ್ಫ್ ಎತ್ತುತ್ತಿಲ್ಲ’ ಎಂದ ಕೂಡಲೇ ಹೊಸ ಬ್ಯಾಟರಿ ತಂದು ಕೂರಿಸುವವರೇ ಹೆಚ್ಚು. ಕೈಬಿಟ್ಟು ಹೋಗುವುದು ಸಾವಿರಾರು ರೂಪಾಯಿ. ವಾರ ಕಳೆಯುವುದರೊಳಗೆ ಮತ್ತದೇ ‘ಟಿಕ್’. ಕೊನೆಗೆ ನೋಡಿದರೆ ತಪ್ಪು ತುಕ್ಕು ಹಿಡಿದ ಒಂದು ಅರ್ತ್ ವೈರಿನದು!

ಸದ್ದು ಕೇಳಿ, ದೀಪ ನೋಡಿ

ಮೊದಲು ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಗಿ. ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಬೇಕು. ‘ಟಿಕ್ ಟಿಕ್ ಟಿಕ್’ ಎಂದು ಸದ್ದಾಗಿ ದೀಪ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ. ದೀಪ ಹಾಗೇ ಉರಿಯುತ್ತಾ ಒಂದೇ ಜೋರು ‘ಟಕ್’ ಕೇಳಿಸಿದರೆ ಅನುಮಾನ ಸ್ಟಾರ್ಟರ್ ಮೋಟಾರು ಅಥವಾ ಅದರ ಸೊಲೆನಾಯ್ಡ್ ಮೇಲೆ. ದೀಪ ಚೆನ್ನಾಗಿದ್ದು ಸದ್ದೇ ಬಾರದಿದ್ದರೆ ಇಗ್ನಿಷನ್ ಸ್ವಿಚ್ಚಿನಿಂದ ಸ್ಟಾರ್ಟರಿಗೆ ಹೋಗುವ ಸಣ್ಣ ವೈರು ನೋಡಬೇಕು. ಎಂಜಿನ್ ಗರಗರ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಅದು ಪೆಟ್ರೋಲು ಅಥವಾ ಕಿಡಿಯ ತೊಂದರೆ.

ಮೀಟರ್ ಹೇಳುವ ನಿಜ

ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಇದ್ದರೆ ಊಹೆಯ ಗೊಡವೆಯೇ ಬೇಡ. ರಾತ್ರಿಯೆಲ್ಲ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿದರೆ ತುಂಬಿದೆ; 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ತುಂಬಿದ ಬ್ಯಾಟರಿಯೂ ಸೆಲ್ಫ್ ಹೊಡೆಯುವಾಗ ಸುಮಾರು 9.6ಕ್ಕಿಂತ ಕುಸಿದರೆ ಅದರ ಕಾಲ ಮುಗಿಯಿತೆಂದೇ ಲೆಕ್ಕ. ಎಂಜಿನ್ ಓಡುವಾಗ 13.8ರಿಂದ 14.4ರ ಆಸುಪಾಸು ಇರಬೇಕು. ಇಲ್ಲದಿದ್ದರೆ ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್ ಪರೀಕ್ಷಿಸಬೇಕು.

ಇನ್ನು ಅರ್ತಿಂಗ್. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಇಟ್ಟು ಸೆಲ್ಫ್ ಹೊಡೆಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಕರೆಂಟು ದಾರಿಯಲ್ಲೇ ಸೋರುತ್ತಿದೆ. ಅರ್ತ್ ವೈರು ಬಿಚ್ಚಿ, ಎರಡೂ ತುದಿ ಉಜ್ಜಿ, ಬಿಗಿದರೆ ಎಷ್ಟೋ ಕಾರುಗಳು ಹೊಸ ಬ್ಯಾಟರಿ ಇಲ್ಲದೆಯೇ ಎದ್ದೇಳುತ್ತವೆ.

ರಾತ್ರಿ ಕದಿಯುವವರಾರು?

ದಿನವೂ ಬೆಳಗ್ಗೆ ಬ್ಯಾಟರಿ ಇಳಿದಿದ್ದರೆ ಆಮೇಲೆ ಹಾಕಿಸಿದ ಟೇಪ್‌ರೆಕಾರ್ಡರ್, ಹಾರನ್, ಫಾಗ್‌ಲೈಟ್‌ಗಳತ್ತ ನೋಡಿ. ಎಲ್ಲ ಆಫ್ ಮಾಡಿ, ಮೈನಸ್ ವೈರಿನ ಮಧ್ಯೆ ಆಂಪಿಯರ್ ಮೀಟರ್ ಸೇರಿಸಿದಾಗ 50 ಮಿಲಿ ಆಂಪಿಯರಿಗಿಂತ ಹೆಚ್ಚು ತೋರಿದರೆ ಯಾವುದೋ ಕರೆಂಟು ಕುಡಿಯುತ್ತಿದೆ. ಫ್ಯೂಸುಗಳನ್ನು ಒಂದೊಂದಾಗಿ ತೆಗೆದರೆ ಕಳ್ಳ ಸಿಕ್ಕಿಬೀಳುತ್ತಾನೆ. ಮೀಟರ್ ಹೀಗಿರುವಾಗ ಮಾತ್ರ ಸೆಲ್ಫ್ ಹೊಡೆಯಬಾರದು, ಮೀಟರೇ ಸುಟ್ಟೀತು.

ಈ ಸೀಮೆಯ ಬಿಸಿಲೂ ಬ್ಯಾಟರಿಗೆ ಶತ್ರುವೇ. ಶಾಖಕ್ಕೆ ಒಳಗಿನ ನೀರು ಆರುತ್ತದೆ, ಆಯಸ್ಸು ಕುಗ್ಗುತ್ತದೆ. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಬೇಕು. ಉಪ್ಪಿನಂಶದ ಬೋರ್‌ವೆಲ್ ನೀರು ಹಾಕಿದರೆ ಪ್ಲೇಟು ಕೆಟ್ಟಂತೆಯೇ.

ಬೀಡಿ, ಬೆಂಕಿಕಡ್ಡಿ ದೂರ

ಚಾರ್ಜ್ ಆಗುವಾಗ ಬ್ಯಾಟರಿ ಹೈಡ್ರೋಜನ್ ಅನಿಲ ಬಿಡುತ್ತದೆ. ಕಿಡಿ ತಾಗಿದರೆ ಸಿಡಿಯುತ್ತದೆ. ಒಳಗಿರುವುದು ಸುಡುವ ಆಸಿಡ್. ಬಿಚ್ಚುವಾಗ ಮೈನಸ್ ಮೊದಲು, ಜೋಡಿಸುವಾಗ ಮೈನಸ್ ಕೊನೆಗೆ. ಇನ್ನೊಂದು ಕಾರಿನಿಂದ ಕರೆಂಟು ಪಡೆಯುವಾಗ ಕಪ್ಪು ವೈರಿನ ಕೊನೆಯ ತುದಿಯನ್ನು ಕೆಟ್ಟ ಬ್ಯಾಟರಿಗಲ್ಲ, ಎಂಜಿನ್ನಿನ ಲೋಹಕ್ಕೆ ಸಿಕ್ಕಿಸಬೇಕು.

ಟರ್ಮಿನಲ್ ಮೇಲೆ ಬೂಷ್ಟಿನಂತೆ ಕೂತ ಬಿಳಿ-ಹಸಿರು ಪುಡಿಯನ್ನು ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಒಣಗಿಸಿ, ಬಿಗಿದು, ಮೇಲೆ ತೆಳ್ಳಗೆ ವ್ಯಾಸಲಿನ್ ಸವರಿದರೆ ಸಾಕು. ಭಾನುವಾರದ ಅರ್ಧ ಗಂಟೆ ಕೆಲಸ. ಮುಂದಿನ ಸಲ ಮಗುವಿಗೆ ಜ್ವರ ಏರಿದ ರಾತ್ರಿ ಕಾರು ಒಂದೇ ಸೆಲ್ಫಿಗೆ ಎದ್ದೇಳಬೇಕಲ್ಲವೇ?