ಕೆಟ್ಟದ್ದು ಕಾಯಿಲ್ಲೋ, ಸ್ವಿಚ್ಚೋ?

ಗೂಳೂರು ಎಂದೊಡನೆ ತುಮಕೂರು ಸೀಮೆಯವರಿಗೆ ನೆನಪಾಗುವುದು ಮಹಾಗಣಪತಿ. ನಮ್ಮೂರ ಕೆರೆಯ ಮಣ್ಣಿನಲ್ಲೇ ರೂಪುಗೊಳ್ಳುವ ಆ ದೊಡ್ಡ ಮೂರ್ತಿ ಬಲಿಪಾಡ್ಯಮಿಯಂದು ಪ್ರತಿಷ್ಠಾಪನೆಯಾಗಿ, ಕಾರ್ತಿಕ ಮಾಸದುದ್ದಕ್ಕೂ ಪೂಜೆ ಪಡೆದು, ಕೊನೆಗೆ ಕೆರೆಯನ್ನೇ ಸೇರುತ್ತದೆ. ಆ ದಿನಗಳಲ್ಲಿ ಮನೆಮನೆಗೂ ನೆಂಟರು. ಗ್ಯಾಸ್ ಒಲೆಯ ಮೇಲೆ ಅನ್ನ, ಸಾರು ಕುದಿಯುತ್ತಿದ್ದರೆ ಕಾಫಿಗೆ, ಬಿಸಿನೀರಿಗೆ ಕರೆಂಟ್ ಒಲೆಯೇ ಗತಿ.

ನಮ್ಮ ಮನೆಯಲ್ಲಿ ಆ ಒಲೆಗೆ ಇನ್ನೂ ದೊಡ್ಡ ಕೆಲಸವಿದೆ. ನನ್ನ ಮನೆಯಾಕೆಗೆ ಬೆರಳ ಗಂಟುಗಳ ನೋವು. ಗ್ಯಾಸ್ ಲೈಟರ್ ಒತ್ತಲು ಆಗುವುದಿಲ್ಲ. ಕರೆಂಟ್ ಒಲೆಯ ತಿರುಗಣೆಯನ್ನು ಮಾತ್ರ ಅಂಗೈಯಲ್ಲೇ ತಿರುಗಿಸಿ, ಬೆಳಗಿನ ಐದು ಗಂಟೆಗೆ ಯಾರನ್ನೂ ಎಬ್ಬಿಸದೆ ತನ್ನ ರಾಗಿ ಗಂಜಿ ತಾನೇ ಕಾಯಿಸಿಕೊಳ್ಳುತ್ತಾಳೆ. ಅದು ಅವಳ ಸ್ವಾತಂತ್ರ್ಯ.

ಕಳೆದ ಕಾರ್ತಿಕದಲ್ಲಿ ಅದೇ ಒಲೆ ಕೈಕೊಟ್ಟಿತು. ಅದರಲ್ಲಿ ಮೂರು ಹಂತಗಳಿವೆ: ಸಣ್ಣ, ಮಧ್ಯಮ, ಜೋರು. ಸಣ್ಣ ಉರಿ ಸರಿಯಾಗಿತ್ತು, ಮಧ್ಯಮವೂ ಸರಿ. ಜೋರಿಗೆ ತಿರುಗಿಸಿದರೆ ಮಾತ್ರ ಮಧ್ಯಮದಷ್ಟೇ ಕಾವು. ಅವಳು ದೂರಲಿಲ್ಲ, ನಾಲ್ಕು ಗಂಟೆಗೇ ಏಳತೊಡಗಿದಳು. “ನೆಂಟರು ಹೋಗ್ಲಿ, ಆಮೇಲೆ ನೋಡೋಣ ಬಿಡ್ರಿ” ಅಂದಳು. ಮಗ ಹೊಸ ಒಲೆ ತರೋಣ ಎಂದ. ನೆಂಟರೊಬ್ಬರು, “ಸ್ವಿಚ್ ಕಿತ್ತು ಹಾಕಿ, ವೈರುಗಳನ್ನ ನೇರವಾಗಿ ಸೇರಿಸಿಬಿಡಿ” ಎಂದರು. ಈ ಮೂರನೆಯ ಸಲಹೆ ಅಪಾಯದ್ದು. ಹಾಗೆ ಮಾಡಿದರೆ ಒಲೆ ಆರಿಸುವ ದಾರಿಯೇ ಒಲೆಯಲ್ಲಿ ಇರುವುದಿಲ್ಲ. ಸುತ್ತಿದ ಟೇಪು ಕಾವಿಗೆ ಕರಗಿ ವೈರು ಒಲೆಯ ಮೈಗೆ ತಗುಲಿದರೆ ಮುಟ್ಟಿದವರಿಗೆ ಶಾಕ್.

ಎಂಟನೇ ತರಗತಿಯ ಮೊಮ್ಮಗಳು ಪಕ್ಕದಲ್ಲೇ ಕುಳಿತಿದ್ದಳು. “ತಾತ, ಕಾಯಿಲ್ ಸುಟ್ಟೋಗಿರಬೇಕು ಅಲ್ವಾ?” ಎಂದು ಕೇಳಿದಳು. ನಾನು ಬಹುಕಾಲ ಹುಡುಗರಿಗೆ ವೈರಿಂಗ್ ಕೆಲಸ ಹೇಳಿಕೊಟ್ಟವನು. “ಒಲೆ ಬಿಚ್ಚೋ ಮೊದಲು ಕಾಗದದ ಮೇಲೆ ಬಿಚ್ಚೋಣ ಬಾ” ಎಂದೆ.

ಮಕ್ಕಳೇ, ನೀವೂ ಒಂದು ಕಾಗದ ತೆಗೆದುಕೊಳ್ಳಿ. ನಮ್ಮ ಒಲೆಯಲ್ಲಿ ಒಂದೇ ಬಗೆಯ ಎರಡು ಕಾಯಿಲ್‌ಗಳಿವೆ, ಒಂದೊಂದೂ 750 ವಾಟ್. ಮಧ್ಯಮದಲ್ಲಿ ಒಂದೇ ಕಾಯಿಲ್‌ಗೆ ಕರೆಂಟ್, ಅಂದರೆ 750 ವಾಟ್. ಜೋರಿನಲ್ಲಿ ಎರಡಕ್ಕೂ ಬೇರೆ ಬೇರೆಯಾಗಿ ಪೂರ್ತಿ 230 ವೋಲ್ಟ್ ಸಿಗುತ್ತದೆ. ಇದು ಸಮಾಂತರ ಜೋಡಣೆ, ಒಟ್ಟು 1500 ವಾಟ್. ಸಣ್ಣ ಉರಿಯಲ್ಲಿ ಕರೆಂಟ್ ಮೊದಲನೆಯ ಕಾಯಿಲ್ ದಾಟಿ, ಎರಡನೆಯದರೊಳಗೆ ಹೊಕ್ಕು ಹೊರಬರುತ್ತದೆ. ಇದು ಸರಣಿ ಜೋಡಣೆ. ಒಟ್ಟು ರೋಧ ಎರಡು ಪಟ್ಟಾಗುವುದರಿಂದ ಕಾವು 375 ವಾಟ್‌ಗೆ ಇಳಿಯುತ್ತದೆ. ಎರಡೇ ಕಾಯಿಲ್‌ಗಳಿಂದ ಮೂರು ಉರಿ! ಈ ಜೋಡಣೆಗಳನ್ನೆಲ್ಲ ಬದಲಿಸುವುದು ತಿರುಗಣೆಯ ಹಿಂದಿರುವ ಸ್ವಿಚ್.

“ಸಣ್ಣ ಉರಿ ಬರ್ತಾ ಇದೆ. ಹಾಗಾದ್ರೆ ಕರೆಂಟ್ ಎಲ್ಲೆಲ್ಲಿ ಹೋಗ್ತಾ ಇದೆ?” ಎಂದು ಕೇಳಿದೆ.

ಅವಳು ಗೆರೆಯ ಮೇಲೆ ಬೆರಳಾಡಿಸಿ ಯೋಚಿಸಿದಳು. “ಎರಡರಲ್ಲೂ ಹೋಗ್ಬೇಕು. ಒಂದು ತುಂಡಾಗಿದ್ರೆ ಸಣ್ಣ ಉರಿ ಬರ್ತಾನೇ ಇರ್ಲಿಲ್ಲ. ಹಾಗಾದ್ರೆ ಕಾಯಿಲ್ ಎರಡೂ ಚೆನ್ನಾಗಿವೆ ತಾತ!”

ಅಷ್ಟೇ. ಒಂದು ಸ್ಕ್ರೂ ಕೂಡ ಬಿಚ್ಚದೆ ಅನುಮಾನ ಸ್ವಿಚ್ಚಿನ ಮೇಲೆ ಬಂತು. ಆದರೆ ಅನುಮಾನ ಬೇರೆ, ಪರೀಕ್ಷೆ ಬೇರೆ.

ಮೊದಲ ನಿಯಮ: ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತು ಕಣ್ಣೆದುರು ಇಟ್ಟುಕೊಳ್ಳಬೇಕು. ಕೆಲವು ಮನೆಗಳಲ್ಲಿ ಗೋಡೆಯ ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ವೈರಿಗೆ ಹಾಕಿರುತ್ತಾರೆ. ಆಗ ಸ್ವಿಚ್ ಆರಿಸಿದರೂ ಒಲೆಯೊಳಗೆ ಕರೆಂಟ್ ಇದ್ದೇ ಇರುತ್ತದೆ. ಒಲೆ ಪೂರ್ತಿ ತಣ್ಣಗಾದ ಮೇಲೆ ತಳದ ತಗಡು ಬಿಚ್ಚಿದೆ. ಯಾವ ವೈರು ಎಲ್ಲಿತ್ತು ಎಂದು ಮೊಮ್ಮಗಳು ಫೋಟೋ ತೆಗೆದು, ಒಂದೊಂದಕ್ಕೂ ಚೀಟಿ ಅಂಟಿಸಿದಳು. ಆಮೇಲೆ ವೈರುಗಳನ್ನು ಸ್ವಿಚ್ಚಿನಿಂದ ಬಿಡಿಸಿದೆ.

ಮಲ್ಟಿಮೀಟರನ್ನು ಓಮ್ ಅಳತೆಗೆ ಇಟ್ಟು ಕಾಯಿಲ್‌ಗಳನ್ನು ನೋಡಿದೆವು. 230ನ್ನು 230ರಿಂದ ಗುಣಿಸಿ 750ರಿಂದ ಭಾಗಿಸಿದರೆ ಸುಮಾರು 70 ಬರುತ್ತದೆ. ಮೀಟರೂ ಎರಡಕ್ಕೂ 70ರ ಆಸುಪಾಸೇ ತೋರಿಸಿತು. ಮುಂದೆ ಸ್ವಿಚ್. ಮೀಟರಿನ ಎರಡು ಕಡ್ಡಿಗಳ ನಡುವೆ ದಾರಿ ಇದ್ದರೆ ‘ಕುಯ್’ ಎನ್ನುತ್ತದೆ. ಸಣ್ಣ ಹಂತದಲ್ಲಿ ಕುಯ್, ಮಧ್ಯಮದಲ್ಲೂ ಕುಯ್. ಜೋರು ಹಂತದಲ್ಲಿ ಎರಡನೆಯ ಕಾಯಿಲ್‌ಗೆ ಫೇಸ್ ಕೊಡಬೇಕಾದ ಟರ್ಮಿನಲ್ ಮಾತ್ರ ಮೌನ. ಹತ್ತು ಸಲ ತಿರುಗಿಸಿದರೂ ಮೌನವೇ. ಕಳ್ಳ ಸಿಕ್ಕಿದ.

ಹಳೆಯ ಸ್ವಿಚ್ಚನ್ನು ಕೈಯಲ್ಲೇ ಹಿಡಿದು ತುಮಕೂರಿನ ಅಂಗಡಿಗೆ ಹೋದೆ. ನೋಡಬೇಕಾದ್ದು ಮೂರು: ಹಂತಗಳೂ ಒಳಜೋಡಣೆಯೂ ಅದೇ ಇರಬೇಕು, ತಿರುಗಣೆ ಕೂರುವ ದಂಡದ ಆಕಾರ ಅದೇ ಇರಬೇಕು, ಆಂಪಿಯರ್ ಮೊದಲಿನದಕ್ಕಿಂತ ಕಡಿಮೆ ಇರಬಾರದು. 1500ನ್ನು 230ರಿಂದ ಭಾಗಿಸಿದರೆ ಆರೂವರೆ ಆಂಪಿಯರ್. ಆದ್ದರಿಂದ 6 ಆಂಪಿಯರಿನ ಸ್ವಿಚ್ ಸಾಲದು. ನಾನು ತಂದದ್ದು 16 ಆಂಪಿಯರಿನದು. ಗೋಡೆಯಲ್ಲೂ ಇಂಥ ಒಲೆಗೆ ಬೇಕಾದ್ದು 16 ಆಂಪಿಯರಿನ ದೊಡ್ಡ ಸಾಕೆಟ್ಟೇ.

ಹೊಸದಕ್ಕೆ ವೈರು ಕೂರಿಸುವ ಮೊದಲು ಹಳೆಯದನ್ನು ಮೊಮ್ಮಗಳಿಗೆ ತೋರಿಸಿದೆ. ಒಂದು ತುದಿ ಕಂದಿ ಕಪ್ಪಾಗಿತ್ತು. ಸ್ಕ್ರೂ ಸಡಿಲವಾದರೆ ಅಲ್ಲಿ ರೋಧ ಹೆಚ್ಚುತ್ತದೆ. ರೋಧವಿದ್ದಲ್ಲಿ ಕಾವು ಹುಟ್ಟುತ್ತದೆ. ಇಂಗ್ಲೆಂಡಿನ ಜೂಲ್ 1841ರಲ್ಲಿ ತಿಳಿಸಿದ ನಿಯಮ ಇದೇ. ಕಾಯಿಲ್‌ನಲ್ಲಿ ಗಂಜಿ ಕಾಯಿಸುವ ಈ ನಿಯಮ, ಸಡಿಲ ಸ್ಕ್ರೂವಿನಲ್ಲಿ ಸ್ವಿಚ್ಚನ್ನು ಸುಡುತ್ತದೆ. ಕಾಯಿಲ್ ತಡೆದುಕೊಳ್ಳುತ್ತದೆ, ಏಕೆಂದರೆ ಅದು ನಿಕಲ್ ಮತ್ತು ಕ್ರೋಮಿಯಂ ಬೆರೆತ ನೈಕ್ರೋಮ್. ಅಮೆರಿಕದ ಆಲ್ಬರ್ಟ್ ಮಾರ್ಷ್ 1906ರಲ್ಲಿ ಅದಕ್ಕೆ ಪೇಟೆಂಟ್ ಪಡೆದ. ಕೆಂಪಗೆ ಕಾದರೂ ಅದರ ಮೇಲೆ ಕೂರುವ ತೆಳು ಪೊರೆ ಗಾಳಿಯಿಂದ ಅದನ್ನು ಕಾಯುತ್ತದೆ. ಹಿತ್ತಾಳೆ, ತಾಮ್ರಕ್ಕೆ ಆ ಭಾಗ್ಯವಿಲ್ಲ.

ಹೊಸ ಸ್ವಿಚ್ಚಿಗೆ ಕಾವು ತಡೆಯುವ ತೋಳು ಹೊದಿಸಿದ ವೈರುಗಳನ್ನೇ ಹಾಕಿ ಸ್ಕ್ರೂ ಬಿಗಿ ಮಾಡಿದೆ. ತಗಡು ಮುಚ್ಚಿದ ಮೇಲೆ ಇನ್ನೆರಡು ಪರೀಕ್ಷೆ. ಪ್ಲಗ್ಗಿನ ದಪ್ಪ ಉದ್ದ ಕಡ್ಡಿ ಅರ್ತ್‌ನದು. ಅದಕ್ಕೂ ಒಲೆಯ ಲೋಹದ ಮೈಗೂ ನಡುವೆ ಮೀಟರ್ ‘ಕುಯ್’ ಎನ್ನಲೇಬೇಕು. ಉಳಿದೆರಡು ಕಡ್ಡಿಗಳಿಗೂ ಮೈಗೂ ನಡುವೆ, ತಿರುಗಣೆ ಯಾವ ಹಂತದಲ್ಲಿದ್ದರೂ, ಅದು ಸುಮ್ಮನಿರಬೇಕು. ಎರಡೂ ಸರಿ ಬಂದ ಮೇಲೆಯೇ ಪ್ಲಗ್ ಹಾಕಿದ್ದು.

ಮರುದಿನ ಅವಳು ಐದು ಗಂಟೆಗೇ ಎದ್ದಳು. ಗಂಜಿಯ ವಾಸನೆ ಬಂದಾಗ ನಾನಿನ್ನೂ ಹಾಸಿಗೆಯಲ್ಲಿದ್ದೆ.

ಹಿರಿಯರಿಗೆ ಒಂದು ಮಾತು. ಒಲೆ ಮುಟ್ಟಿದಾಗ ಚುರ್ ಎಂದರೆ, ಪ್ಲಗ್ ಬಿಸಿಯಾದರೆ, ಸುಟ್ಟ ವಾಸನೆ ಬಂದರೆ ‘ಇರಲಿ ಬಿಡು’ ಎಂದು ಹೊಂದಿಕೊಳ್ಳಬೇಡಿ. ಆ ದಿನವೇ ಬಳಸುವುದು ನಿಲ್ಲಿಸಿ, ಕೆಲಸ ಬಲ್ಲವರಿಗೆ ತೋರಿಸಿ. ಹಾಲು, ಗಂಜಿ ಉಕ್ಕಿದರೆ ಪ್ಲಗ್ ಕಿತ್ತು, ತಣಿದ ಮೇಲೆ ಒರೆಸಿ.

ಮಕ್ಕಳೇ, ಮನೆಯ ಕರೆಂಟಿನ ಯಾವ ವಸ್ತುವನ್ನೂ ನೀವು ಬಿಚ್ಚಬಾರದು. ಬಲ್ಲ ದೊಡ್ಡವರು ಬಿಚ್ಚುವಾಗ ಪಕ್ಕದಲ್ಲಿ ಕುಳಿತು ನೋಡಿ, ಚೀಟಿ ಅಂಟಿಸಿ, ಲೆಕ್ಕ ಮಾಡಿ. ನಿಮ್ಮದೇ ಪ್ರಯೋಗ ಬೇಕೆಂದರೆ ಒಂದು ಟಾರ್ಚ್ ಸೆಲ್, ಒಂದೇ ಬಗೆಯ ಎರಡು ಪುಟ್ಟ ಟಾರ್ಚ್ ಬಲ್ಬು, ನಾಲ್ಕು ತುಂಡು ವೈರು ಸಾಕು. ಬಲ್ಬುಗಳನ್ನು ಒಂದರ ಹಿಂದೆ ಒಂದು ಜೋಡಿಸಿ, ಮಂಕಾಗಿ ಉರಿಯುತ್ತವೆ. ಎರಡನ್ನೂ ಸೆಲ್ಲಿಗೆ ಬೇರೆ ಬೇರೆಯಾಗಿ ಜೋಡಿಸಿ, ಬೆಳಗುತ್ತವೆ. ಈಗ ಎರಡೂ ಜೋಡಣೆಯಲ್ಲಿ ಒಂದೊಂದು ಬಲ್ಬ್ ತೆಗೆದು ನೋಡಿ. ಯಾವುದರಲ್ಲಿ ಇನ್ನೊಂದು ಬಲ್ಬೂ ಆರಿತು? ಏಕೆ? ಉತ್ತರವನ್ನು ನಿಮ್ಮ ಅಜ್ಜಿ ತಾತನಿಗೆ ವಿವರಿಸಿ ಹೇಳಿ.