ಸಿರುಗುಪ್ಪದ ಅಕ್ಕಿ ಚೀಲ, ಒಲಿಂಪಿಯಾಡಿನ ಲೆಕ್ಕ

ಅಕ್ಕಿ ಅಂಗಡಿಗಳಲ್ಲಿ 26 ಕೆ.ಜಿ. ಚೀಲ ಈಗ ಮಾಮೂಲು. 2022ರ ಜುಲೈ 18ರಿಂದ, 25 ಕೆ.ಜಿ.ವರೆಗೆ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5ರ ಜಿಎಸ್‌ಟಿ ಬಿತ್ತು. ಒಂದು ಕಿಲೊ ಹೆಚ್ಚಿಗೆ ತುಂಬಿದ ಚೀಲ ಆ ತೆರಿಗೆಯಿಂದ ತಪ್ಪಿಸಿಕೊಂಡಿತು. ಭತ್ತದ ಊರಾದ ಸಿರುಗುಪ್ಪದ ಮಕ್ಕಳಿಗೆ ಅಕ್ಕಿ ಚೀಲದ ಪರಿಚಯ ಮಾಡಿಕೊಡಬೇಕಾಗಿಲ್ಲ. ಆ ಚೀಲಗಳನ್ನೇ ಇಟ್ಟುಕೊಂಡು ಒಂದು ಲೆಕ್ಕ ಕೇಳೋಣ. ಅಂಗಡಿಯಲ್ಲಿ 25 ಕೆ.ಜಿ. ಮತ್ತು 26 ಕೆ.ಜಿ. ಚೀಲಗಳು ಮಾತ್ರ ಬೇಕಾದಷ್ಟಿವೆ, ಚೀಲ ಬಿಚ್ಚುವಂತಿಲ್ಲ. 51 ಕೆ.ಜಿ. ಕೇಳಿದರೆ ಕೊಡಬಹುದು, 53 ಕೇಳಿದರೆ ಆಗದು. ಹೀಗೆ ಕೊಡಲಾಗದ ತೂಕಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು?

ಒಂದು ಚೀಲದಲ್ಲಿ 25 ಅಥವಾ 26 ಸಿಗುತ್ತದೆ. ಎರಡು ಚೀಲದಲ್ಲಿ 50, 51, 52. ಮೂರರಲ್ಲಿ 75ರಿಂದ 78. ಚೀಲ ಒಂದೊಂದು ಹೆಚ್ಚಿದಂತೆ ಸಿಗುವ ಸಂಖ್ಯೆಗಳ ಸಾಲು ಒಂದು ಮನೆ ಉದ್ದವಾಗುತ್ತದೆ, ಸಾಲು ಸಾಲಿನ ನಡುವಿನ ಕಂದಕ ಒಂದು ಮನೆ ಕಿರಿದಾಗುತ್ತದೆ. 23 ಚೀಲಕ್ಕೆ 575ರಿಂದ 598. 24 ಚೀಲಕ್ಕೆ 600ರಿಂದ 624. 25 ಚೀಲದ ಸಾಲು 625ಕ್ಕೇ ಶುರು. ಅಲ್ಲಿಗೆ ಕಂದಕ ಪೂರ್ತಿ ಮುಚ್ಚಿತು, ಅಲ್ಲಿಂದಾಚೆಗೆ ಯಾವ ತೂಕ ಕೇಳಿದರೂ ಇಲ್ಲವೆನ್ನುವ ಪ್ರಸಂಗವಿಲ್ಲ. ಉತ್ತರ 599. ಪರೀಕ್ಷೆಯಾಗಿದ್ದರೆ ಇಲ್ಲಿಗೆ ಕೆಂಪು ಗೆರೆ ಎಳೆದು ಅಂಕ ಕೊಟ್ಟು ಮುಗಿಸುತ್ತಿದ್ದರು. ಆದರೆ ಲೆಕ್ಕದ ಸೊಗಸು ಶುರುವಾಗುವುದೇ ಇಲ್ಲಿ. ಕಂದಕಗಳಲ್ಲಿ ಬಿದ್ದ ಸಂಖ್ಯೆಗಳನ್ನು ಎಣಿಸಿದರೆ 24, 23, 22 ಎಂದು ಇಳಿಯುತ್ತ 1ರವರೆಗೆ ಒಟ್ಟು 300. ಸೊನ್ನೆಯಿಂದ 599ರವರೆಗಿನ 600 ಸಂಖ್ಯೆಗಳಲ್ಲಿ ಸರಿಯಾಗಿ ಅರ್ಧ! ಯಾಕೆ ಅರ್ಧ? ಕೂಡಿದರೆ 599 ಬರುವಂತೆ ಅವನ್ನು ಜೋಡಿ ಮಾಡಿ ನೋಡಿ. ಒಂದು ಜೋಡಿಯ ಎರಡೂ ತೂಕ ಕೊಡಬಹುದಾಗಿದ್ದರೆ ಎರಡನ್ನೂ ಸೇರಿಸಿ 599 ಕೂಡ ಕೊಡಬಹುದಿತ್ತಲ್ಲ! ಅದು ಆಗದ ಮಾತು. ಆದ್ದರಿಂದ ಪ್ರತಿ ಜೋಡಿಯಲ್ಲೂ ಒಂದಾದರೂ ಸಿಗದ ತೂಕ ಇರಲೇಬೇಕು. ಜೋಡಿಗಳು 300, ಸಿಗದವೂ 300. ಅಂದರೆ ಪ್ರತಿ ಜೋಡಿಯಲ್ಲೂ ಒಂದು ಸಿಗುತ್ತದೆ, ಇನ್ನೊಂದು ಸಿಗದು.

ಇದು ಬುದ್ಧಿವಂತರಿಗೆಂದು ಎಲ್ಲೋ ಕಟ್ಟಿದ ಒಗಟಲ್ಲ. ಎಷ್ಟು ಸಂಖ್ಯೆಗಳು ಸಿಗುವುದಿಲ್ಲ ಎಂಬ ಇದೇ ಪ್ರಶ್ನೆಯನ್ನು ಜೇಮ್ಸ್ ಜೋಸೆಫ್ ಸಿಲ್ವೆಸ್ಟರ್ ಎಂಬ ದೊಡ್ಡ ಗಣಿತಜ್ಞ 1884ರಲ್ಲಿ ‘ಎಜುಕೇಷನಲ್ ಟೈಮ್ಸ್’ ಎಂಬ ಇಂಗ್ಲೆಂಡಿನ ಪತ್ರಿಕೆಯ ಓದುಗರ ಮುಂದಿಟ್ಟಿದ್ದರು. ಮೂರು ಬಗೆಯ ಚೀಲಗಳಿಗೆ ಹೋಲುವ ಅದರ ಮುಂದಿನ ರೂಪ 1983ರಲ್ಲಿ ಪ್ಯಾರಿಸ್‌ನಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನಲ್ಲಿ ಬಂತು. ಇಂಥ ಲೆಕ್ಕಗಳನ್ನು ಬಿಡಿಸುವ ಅಭ್ಯಾಸ ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡಿನ ಕನ್ನಡ ಮಾಧ್ಯಮದ ಪ್ರೌಢಶಾಲೆಗಳಿಗೆ ಬರಬೇಕು. ಪದಕಕ್ಕಾಗಿ ಅಲ್ಲ, ಆಯ್ದ ನಾಲ್ಕು ಮಕ್ಕಳಿಗೂ ಅಲ್ಲ. ಇಡೀ ತರಗತಿಗೆ, ವಾರಕ್ಕೊಂದು ಲೆಕ್ಕದಂತೆ, ಗಡಿಯಾರ ಪಕ್ಕಕ್ಕಿಟ್ಟು.

ಗಡಿಯಾರದ ಮಾತಿಗೆ ಕಾರಣವಿದೆ. ಎಸ್ಸೆಸ್ಸೆಲ್ಸಿಯ ಇತ್ತೀಚಿನ ಗಣಿತ ಪತ್ರಿಕೆಗಳಲ್ಲಿ 80 ಅಂಕಕ್ಕೆ 38 ಪ್ರಶ್ನೆಗಳು. ಓದಿಕೊಳ್ಳುವ 15 ನಿಮಿಷ ಬಿಟ್ಟರೆ ಮೂರು ಗಂಟೆ. ಒಂದು ಪ್ರಶ್ನೆಗೆ ಐದು ನಿಮಿಷವೂ ಪೂರ್ತಿ ಸಿಗದು. ಒಲಿಂಪಿಯಾಡಿನಲ್ಲಿ ದಿನಕ್ಕೆ ಮೂರು ಲೆಕ್ಕ, ಸಮಯ ನಾಲ್ಕೂವರೆ ಗಂಟೆ. ಅಂದರೆ ಒಂದೊಂದಕ್ಕೆ ಒಂದೂವರೆ ಗಂಟೆ. ಐದು ನಿಮಿಷದಲ್ಲಿ ನೆನಪಿನಿಂದ ತೆಗೆದು ಬರೆಯಬಹುದು, ಯೋಚಿಸಲಾಗದು. ಹತ್ತು ವರ್ಷ ಶಾಲೆಗೆ ಹೋದ ಮಗು, ಗೊತ್ತಿಲ್ಲದ ಒಂದು ಲೆಕ್ಕದ ಎದುರು ಅರ್ಧ ಗಂಟೆ ಸುಮ್ಮನೆ ಕೂತು, ತಪ್ಪು ದಾರಿ ಹಿಡಿದು, ಅದು ತಪ್ಪೆಂದು ತಾನೇ ಕಂಡುಕೊಂಡು ಹಿಂದಿರುಗಿದ ಅನುಭವವೇ ಇಲ್ಲದೆ ಹೊರಬರಬಹುದು. ಇದು ಸಣ್ಣ ಕೊರತೆಯಲ್ಲ. ಲೆಕ್ಕ ಕಂಡೊಡನೆ ಸೂತ್ರ ಯಾವುದೆಂದು ಕೇಳುವ, ಸೂತ್ರ ನೆನಪಾಗದಿದ್ದರೆ ಪೆನ್ನು ಕೆಳಗಿಡುವ ರೂಢಿ ಬೆಳೆಯುವುದು ಇದರಿಂದಲೇ.

ಲೆಕ್ಕವೊಂದನ್ನು ಮುಂದಿಟ್ಟು ತಿಂಗಳುಗಟ್ಟಲೆ ಕಾಯುವ ಪದ್ಧತಿ ಮಹಾನಗರಗಳ ಸೊತ್ತೇನೂ ಅಲ್ಲ. 1906ರ ಡಿಸೆಂಬರ್‌ನಲ್ಲಿ ವಿ. ರಾಮಸ್ವಾಮಿ ಅಯ್ಯರ್ ಗಣಿತಾಸಕ್ತರ ಸಂಘವೊಂದು ಬೇಕೆಂದು ಗೆಳೆಯರಿಗೆ ಪತ್ರ ಬರೆದಾಗ ಅವರು ಡೆಪ್ಯುಟಿ ಕಲೆಕ್ಟರ್ ಆಗಿದ್ದದ್ದು ಗುತ್ತಿಯಲ್ಲಿ. ಗುಂತಕಲ್ ಹತ್ತಿರದ ಈ ಗುತ್ತಿ, 1882ರಲ್ಲಿ ಅನಂತಪುರ ಜಿಲ್ಲೆ ಬೇರೆಯಾಗುವ ತನಕ ಬಳ್ಳಾರಿ ಜಿಲ್ಲೆಗೇ ಸೇರಿತ್ತು. ಆ ಪತ್ರದಿಂದ 1907ರಲ್ಲಿ ಹುಟ್ಟಿದ್ದೇ ಇಂದಿನ ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿ. ಅದರ ಪತ್ರಿಕೆಯ ಪ್ರಶ್ನೆಗಳ ವಿಭಾಗದಲ್ಲಿ 1911ರಲ್ಲಿ ಶ್ರೀನಿವಾಸ ರಾಮಾನುಜನ್ ವರ್ಗಮೂಲದೊಳಗೆ ವರ್ಗಮೂಲ ಕೊನೆಯಿಲ್ಲದೆ ಸಾಗುವ ಒಂದು ಲೆಕ್ಕ ಕೇಳಿದರು. ತಿಂಗಳುಗಳು ಉರುಳಿದರೂ ಯಾರೂ ಬಿಡಿಸಲಿಲ್ಲ, ಕೊನೆಗೆ ಅವರೇ ಉತ್ತರ ಕೊಟ್ಟರು. ಉತ್ತರ 3. ಕಾಲೇಜು ಪರೀಕ್ಷೆಯಲ್ಲಿ ನಪಾಸಾದ ಆ ತರುಣನ ಗಣಿತವನ್ನು ಗುರುತಿಸಿದ್ದು ಗಡುವಿಲ್ಲದ ಇಂಥ ಪುಟಗಳು. ಯುರೋಪಿನಲ್ಲೂ ಹಾಗೆಯೇ. ಹಂಗೇರಿಯಲ್ಲಿ ಪ್ರೌಢಶಾಲಾ ಮಕ್ಕಳ ಗಣಿತ ಮಾಸಿಕವನ್ನು 1894ರ ಹೊತ್ತಿಗೆ ಶುರು ಮಾಡಿದವರು ರಾಜಧಾನಿಯ ಪ್ರಾಧ್ಯಾಪಕರಲ್ಲ, ಗ್ಯೋರ್ ಎಂಬ ಪಟ್ಟಣದ ಶಾಲಾ ಶಿಕ್ಷಕ ಡೇನಿಯಲ್ ಅರಾನಿ. ಭಾಷೆ ಮಕ್ಕಳದೇ ಹಂಗೇರಿಯನ್. ಪ್ರತಿ ತಿಂಗಳು ಲೆಕ್ಕಗಳು, ಮಕ್ಕಳು ಅಂಚೆಯಲ್ಲಿ ಕಳಿಸಿದ ಒಳ್ಳೆಯ ಉತ್ತರಗಳು, ಬಿಡಿಸಿದವರ ಹೆಸರುಗಳು. ಮುಂದೆ ದೊಡ್ಡ ಗಣಿತಜ್ಞರಾದ ಪಾಲ್ ಏರ್ದಿಶ್ ಅಂಥವರು ಶಾಲೆಯಲ್ಲಿದ್ದಾಗ ಆ ಪುಟಗಳಿಗೆ ಉತ್ತರ ಬರೆದು ಬೆಳೆದವರು. ಸಣ್ಣ ದೇಶವೊಂದು ಅಷ್ಟೊಂದು ಗಣಿತಜ್ಞರನ್ನು ಕೊಟ್ಟಿದ್ದಕ್ಕೆ ಬೇರೆ ಕಾರಣಗಳೂ ಇದ್ದಾವು, ಆದರೆ ಆ ಮಾಸಿಕವನ್ನು ಬಿಟ್ಟು ಆ ಕಥೆ ಹೇಳಲಾಗದು.

ವಾರಕ್ಕೊಂದು ಲೆಕ್ಕ ಎಂಬ ಮಾತಿಗೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಮಗ್ಗಿಯೇ ಬಾರದ ಮಕ್ಕಳಿಗೆ ಒಲಿಂಪಿಯಾಡೇ? ಮೊದಲು ಪಾಸಾಗಲಿ ಎನ್ನುತ್ತಾರೆ. ಕಲ್ಯಾಣ ಕರ್ನಾಟಕದಲ್ಲಿ ಫಲಿತಾಂಶದ ಒತ್ತಡ ಎಷ್ಟೆಂದು ಬಲ್ಲವರು ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾರರು. ಆದರೆ ಅಕ್ಕಿ ಚೀಲದ ಲೆಕ್ಕಕ್ಕೆ ಏನೇನು ಬೇಕಾಯಿತು ನೋಡಿ: 25ರ ಮಗ್ಗಿ, 26ರ ಮಗ್ಗಿ, ಕೂಡುವುದು, ಕಳೆಯುವುದು. ಹೊಸ ಸೂತ್ರ ಒಂದೂ ಇಲ್ಲ. ಮಗ್ಗಿ ತಡವರಿಸುವ ಮಗು ಇಲ್ಲಿ ಅದನ್ನು ಶಿಕ್ಷೆಯೆಂದು ಹತ್ತು ಸಲ ಬರೆಯುವುದಿಲ್ಲ. 599 ಸಿಗುತ್ತದೋ ಇಲ್ಲವೋ ತಿಳಿಯುವ ಹಟಕ್ಕೆ ತಾನಾಗಿ ಬಳಸುತ್ತದೆ. ಕಳೆಯಲೂ ಬಾರದ ಮಗುವಿಗೆ ಬೇರೆ ನೆರವೇ ಬೇಕು, ಒಪ್ಪಿದೆ. ಇಂಥ ಅಭ್ಯಾಸದಿಂದ ಮುಂದಿನ ವರ್ಷವೇ ಜಿಲ್ಲೆಯ ಫಲಿತಾಂಶ ಏರುತ್ತದೆಂಬ ಆಶ್ವಾಸನೆಯನ್ನೂ ಕೊಡಲಾರೆ. ಆದರೆ ಬುನಾದಿ ಪೂರ್ತಿಯಾದ ಮೇಲಷ್ಟೇ ಯೋಚಿಸಲು ಬಿಡುತ್ತೇವೆ ಎಂದರೆ ಬಡವರ ಮಕ್ಕಳ ಸರದಿ ಎಂದೂ ಬಾರದು. ಕುರುಗೋಡು ಸುತ್ತ ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಹೊಲಕ್ಕೆ ಹೋಗುವ ಮಗುವಿಗೆ ಪಾಠ ತಪ್ಪಿದರೆ ಪಾಠದ ಸರಪಳಿಯೇ ತುಂಡಾಗುತ್ತದೆ. ಅದು ಹೊಲಕ್ಕೆ ಹೋಗಬಾರದು, ಶಾಲೆಯಲ್ಲಿರಬೇಕು. ಆದರೂ ಹೋದ ಮಗುವಿನ ತಲೆಯಲ್ಲಿ ಉಳಿದು, ಅದು ಮರಳಿ ಬರುವವರೆಗೂ ಹಳಸದೆ ಇರುವುದು ಇಂಥ ಬಿಡಿ ಲೆಕ್ಕವೇ.

ಸ್ಪರ್ಧೆ ಎಂದರೆ ಕೋಚಿಂಗ್ ವ್ಯಾಪಾರ ಎಂಬುದು ಇನ್ನೊಂದು ದೂರು. ಆ ಅಂಜಿಕೆ ಸುಳ್ಳಲ್ಲ. ಒಲಿಂಪಿಯಾಡಿಗೆ ಭಾರತದ ತಂಡ ಆರಿಸುವ ಮೊದಲ ಹಂತದ ಐಒಕ್ಯೂಎಂ ಪರೀಕ್ಷೆಯಲ್ಲಿ ಮೂರು ಗಂಟೆಗೆ 30 ಪ್ರಶ್ನೆ, ಎಲ್ಲದಕ್ಕೂ ಉತ್ತರ ಎರಡಂಕಿಯೊಳಗಿನ ಒಂದು ಸಂಖ್ಯೆ. ಇಂಥದ್ದು ತರಬೇತಿಗೆ ಒಗ್ಗುತ್ತದೆ. ಭಾರತ 1989ರಿಂದ ಒಲಿಂಪಿಯಾಡಿಗೆ ಹೋಗುತ್ತಿದೆ, ದೇಶದಿಂದ ಹೋಗುವವರು ಆರೇ ಮಕ್ಕಳು. ಬೆಂಗಳೂರಿನ ಪ್ರಾಂಜಲ್ ಶ್ರೀವಾಸ್ತವ 2019, 2021 ಮತ್ತು 2022ರಲ್ಲಿ ಚಿನ್ನ ಗೆದ್ದದ್ದು ನಾಡಿಗೆಲ್ಲ ಹೆಮ್ಮೆ. ಆದರೆ ಗುರಿ ಆ ಆರು ಕುರ್ಚಿಗಳೇ ಆದರೆ ಸಿರುಗುಪ್ಪದ ಶಾಲೆಗೆ ಇದರ ಗೊಡವೆಯೇ ಬೇಡ. ಲೆಕ್ಕವನ್ನು ಸ್ಪರ್ಧೆಯಿಂದ ಬಿಡಿಸಿಕೊಂಡು ತರಬಹುದು. ಲೆಕ್ಕ ಕಟ್ಟಿದವರು ಯಾರೂ ಬೇಡವೆನ್ನುವುದಿಲ್ಲ.

ಭಾಷೆಯ ಮಾತಿಗೆ ಹೆಚ್ಚು ಹೊತ್ತು ಕೊಡಬೇಕು. ಅಂತರರಾಷ್ಟ್ರೀಯ ಒಲಿಂಪಿಯಾಡಿನಲ್ಲಿ ಲೆಕ್ಕಗಳನ್ನು ಡಜನುಗಟ್ಟಲೆ ಭಾಷೆಗಳಿಗೆ ಅನುವಾದಿಸುತ್ತಾರೆ, ಸ್ಪರ್ಧಿ ತನ್ನ ಭಾಷೆಯಲ್ಲೇ ಉತ್ತರ ಬರೆಯಬಹುದು. ತುದಿಯ ಮೆಟ್ಟಿಲಿಗೆ ಬೇಡದ ಇಂಗ್ಲಿಷ್, ನಮ್ಮಲ್ಲಿ ಅಭ್ಯಾಸದ ಮೊದಲ ಮೆಟ್ಟಿಲಿಗೇ ಬೇಕಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಒಲಿಂಪಿಯಾಡ್ ಘಟಕವನ್ನು ವರ್ಷಗಟ್ಟಲೆ ನಡೆಸಿದ ಸಿ.ಆರ್. ಪ್ರಾಣೇಶಾಚಾರ್, ಬಿ.ಜೆ. ವೆಂಕಟಾಚಲ, ಸಿ.ಎಸ್. ಯೋಗಾನಂದ ಸೇರಿ ಬರೆದ ‘ಪ್ರಾಬ್ಲಮ್ ಪ್ರೈಮರ್ ಫಾರ್ ದಿ ಒಲಿಂಪಿಯಾಡ್’ ಒಲಿಂಪಿಯಾಡಿಗೆ ತಯಾರಾಗುವ ಮಕ್ಕಳು ಓದುವ ಪುಸ್ತಕ, ಅದೂ ಇಂಗ್ಲಿಷಿನದು. ಕನ್ನಡಕ್ಕೆ ಇಂಥ ಲೆಕ್ಕ ಹೊರುವ ಶಕ್ತಿ ಇಲ್ಲವೇ? ಇಂಗ್ಲಿಷಿನ ‘ಎನಿ’ ಎಂಬ ಪದ ಎಲ್ಲವನ್ನೂ ಸೂಚಿಸುತ್ತದೋ ಯಾವುದೋ ಒಂದನ್ನೋ ಎಂದು ಗಣಿತದಲ್ಲಿ ಎಷ್ಟೋ ಸಲ ಗೊಂದಲವಾಗುತ್ತದೆ. ಕನ್ನಡದಲ್ಲಿ ‘ಯಾವುದೇ ಸಂಖ್ಯೆ’ ಬೇರೆ, ‘ಯಾವುದಾದರೂ ಒಂದು ಸಂಖ್ಯೆ’ ಬೇರೆ. ಸಾಧನೆ ಬರೆಯುವವರಿಗೆ ಇದಕ್ಕಿಂತ ಹಿತವಾದ ಸೌಕರ್ಯವಿಲ್ಲ. ಒಂಬತ್ತನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಆಶ್ರಯದಲ್ಲಿದ್ದ ಮಹಾವೀರಾಚಾರ್ಯನ ಸಂಸ್ಕೃತ ‘ಗಣಿತಸಾರಸಂಗ್ರಹ’ವನ್ನು ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ತೆಲುಗಿಗೆ ತಂದ, ಹನ್ನೆರಡರಲ್ಲಿ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂದು ಬದುಕುವ ಬಳ್ಳಾರಿ ಸೀಮೆಯ ಮಕ್ಕಳಿಗೆ ಈ ಎರಡೂ ದಾರಿಗಳು ತಮ್ಮವೇ. ಉನ್ನತ ಗಣಿತಕ್ಕೆ ಮುಂದೆ ಇಂಗ್ಲಿಷ್ ಬೇಕು, ನಿಜ. ಆದರೆ ಲೆಕ್ಕವೂ ಹೊಸದು, ವಾಕ್ಯವೂ ಹೊಸದು ಎಂದಾದಾಗ ಮಗು ಸೋಲುವುದು ವಾಕ್ಯಕ್ಕೆ, ಗಣಿತಕ್ಕಲ್ಲ.

ಉಳಿದದ್ದು ಶಿಕ್ಷಕರ ಹೊರೆ. ಗಣಿತ ಕಲಿಕಾ ಆಂದೋಲನದಡಿ ಅಕ್ಷರ ಫೌಂಡೇಶನ್ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 4ರಿಂದ 6ನೇ ತರಗತಿಯ ಮಕ್ಕಳಿಗೆ ಗಣಿತ ಸ್ಪರ್ಧೆಗಳನ್ನು ನಡೆಸುತ್ತ ಬಂದಿದೆ. ಹಳ್ಳಿಯ ಶಾಲೆಯಂಗಳದಲ್ಲಿ, ಕನ್ನಡದಲ್ಲಿ, ಊರಿನವರ ಎದುರಿಗೆ ಲೆಕ್ಕ ಮಾಡುವುದು ಸಾಧ್ಯವೆಂದು ಅದು ತೋರಿಸಿದೆ. ಮಕ್ಕಳು ಪ್ರೌಢಶಾಲೆಗೆ ಬಂದೊಡನೆ ಆ ಉಮೇದನ್ನು ಗೈಡು ನುಂಗುತ್ತದೆ. ಅದನ್ನು ಉಳಿಸಲು ಹೊಸ ಹುದ್ದೆಯಾಗಲಿ ಹೊಸ ಯೋಜನೆಯಾಗಲಿ ಬೇಡ: ಸೋಮವಾರ ಒಂದು ಲೆಕ್ಕ ಫಲಕಕ್ಕೆ ಹಾಕಿ ಶನಿವಾರದವರೆಗೆ ಅಳಿಸದೆ ಬಿಡುವುದು, ಮಕ್ಕಳು ತಂದ ದಾರಿಗಳನ್ನು ಅವರ ಹೆಸರಿನೊಂದಿಗೆ ಬರೆಯುವುದು, ಅಷ್ಟೇ. ಗಣಿತದ ಶಿಕ್ಷಕರಿಗೆ ಉತ್ತರ ಮೊದಲೇ ಗೊತ್ತಿರಬೇಕೆಂದೂ ಇಲ್ಲ. ಅವರೂ ಮಕ್ಕಳೊಂದಿಗೆ ಎಡವಿದರೆ ತರಗತಿಗೆ ಲಾಭವೇ. ಎರಡನೇ ವಾರಕ್ಕೆ ಚೀಲದ ಲೆಕ್ಕವೇ ಸಾಕು: ಅದೇ ಅಂಗಡಿಗೆ 10 ಕೆ.ಜಿ. ಚೀಲಗಳೂ ಬಂದವು ಎನ್ನಿ. ಕೊಡಲಾಗದ ಅತಿ ದೊಡ್ಡ ತೂಕ 599ರಿಂದ ಒಮ್ಮೆಲೇ 119ಕ್ಕೆ ಕುಸಿಯುತ್ತದೆ. 119 ಎಂದು ಮೊದಲೇ ಹೇಳಿಬಿಡಬಹುದು. ಶನಿವಾರದೊಳಗೆ ಮಕ್ಕಳು ಬರೆದು ತರಬೇಕಾದದ್ದು ಯಾಕೆ ಎಂಬುದನ್ನು.